ಅಕ್ಷರ ಮುದ್ದಾಗಿದ್ದ ತಪ್ಪಿಗೆ

ಗಣಿತ ಮತ್ತು ವಿಜ್ಞಾನ ವಿಷಯಗಳ ಪರಿವೀಕ್ಷಕರಿಗೆ, ನಾಲ್ಕು ಜನ ಓದಲಿ ಎಂದು ಪತ್ರಿಕೆಯ ಮೂಲಕ

ಮಾನ್ಯರೇ,

ನನ್ನ ಮಗಳ ಅಕ್ಷರ ಚೆನ್ನಾಗಿದೆ. ಈ ಒಂದು ತಪ್ಪಿಗೆ ತಾವು ಅವಳನ್ನು ಬರುವ ಸೋಮವಾರದಿಂದ, ಗಣಿತ ವಿಜ್ಞಾನವನ್ನು ಪೂರ್ತಿಯಾಗಿ ಕಲಿಸುವ ಎ ವಿಭಾಗದಿಂದ ಎತ್ತಿ, 'ಸರಳ ವಿಭಾಗ' ಎಂಬ ಹೊಸ ಕೋಣೆಗೆ ಹಾಕಲು ಹೊರಟಿದ್ದೀರಿ. ಅವಳ ಜೊತೆ ಇನ್ನೂ ಹತ್ತು ಹುಡುಗಿಯರಿದ್ದಾರೆ. ಹುಡುಗ ಒಬ್ಬನೂ ಇಲ್ಲ. ಹುಡುಗರ ಅಕ್ಷರ ಕೋಳಿ ಕೆದರಿದ ಹಾಗಿದೆ, ಪುಣ್ಯವಂತರು, ಬಚಾವಾದರು.

ಸರಳ ವಿಭಾಗ ಎಂದರೇನು ಎಂದು ಈ ಪತ್ರಿಕೆ ಓದುವವರಿಗೆಲ್ಲ ಗೊತ್ತಿರಲಿಕ್ಕಿಲ್ಲ. ಅಲ್ಲಿ ಗಣಿತವೆಂದರೆ ಕೂಡುವುದು, ಕಳೆಯುವುದು, ಗುಣಿಸುವುದು. ವಿಜ್ಞಾನವೆಂದರೆ ಪಾಠ ಓದಿ ಪ್ರಶ್ನೆಗೆ ಉತ್ತರ ಬರೆಯುವುದು. ಪ್ರಯೋಗಾಲಯದ ಬಾಗಿಲು ಆ ಮಕ್ಕಳಿಗೆ ತೆರೆಯುವುದಿಲ್ಲ. ಹತ್ತನೆಯ ತರಗತಿಯನ್ನು ಆ ಕೋಣೆಯಲ್ಲಿ ಕೂತು ಪಾಸು ಮಾಡಿದವರಿಗೆ ಮುಂದೆ ಕಾಲೇಜಿನಲ್ಲಿ ವಿಜ್ಞಾನದ ಸೀಟು ಸಿಗುವುದಿಲ್ಲ. ಗಂಡನ ಮನೆಗೆ ಹೋದ ಮಗಳು ಬೇಜಾರಾದಾಗ ತವರಿಗೆ ಬಂದು ನಾಲ್ಕು ದಿನ ಇದ್ದು ಹೋಗಬಹುದು. ಸರಳ ವಿಭಾಗಕ್ಕೆ ಹೋದವಳಿಗೆ ಆ ಸೌಕರ್ಯವೂ ಇಲ್ಲ. ಹೋದರೆ ಹೋದ ಹಾಗೆಯೇ.

ಇದಕ್ಕೆ ನನ್ನ ಒಪ್ಪಿಗೆ ಬೇಕಂತೆ. ಒಂದು ಕಾಗದ ಮನೆಗೆ ಬಂದಿದೆ. 'ನನ್ನ ಮಗಳ ಹಿತದೃಷ್ಟಿಯಿಂದ, ಯಾರ ಒತ್ತಾಯವೂ ಇಲ್ಲದೆ, ಸ್ವಇಚ್ಛೆಯಿಂದ' ಎಂದು ಅದರಲ್ಲಿ ಅಚ್ಚಾಗಿದೆ. ನನ್ನ ಇಚ್ಛೆಯನ್ನು ತಾವೇ ಅಚ್ಚು ಹಾಕಿಸಿ ಕಳಿಸಿದ ಮೇಲೆ ನನಗೆ ಉಳಿದದ್ದು ಪೆನ್ನು ಹಿಡಿಯುವ ಕೆಲಸ ಮಾತ್ರ. ಆ ಪೆನ್ನನ್ನು ನಾನು ಈ ಪತ್ರಕ್ಕೆ ಬಳಸುತ್ತಿದ್ದೇನೆ.

ನಾನು ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡುವ ಹೆಂಗಸು. ವಯಸ್ಸು ಐವತ್ತು. ಓದಿದ್ದು ಹಳ್ಳಿಯ ಶಾಲೆಯಲ್ಲಿ, ಏಳನೆಯವರೆಗೆ. ಅಲ್ಲಿ ಇದ್ದದ್ದು ಒಂದೇ ಕೋಣೆ, ಒಬ್ಬರೇ ಮೇಷ್ಟ್ರು, ಒಂದೇ ಅಯಸ್ಕಾಂತ. ಅಯಸ್ಕಾಂತ ಮುಂದಿನ ಸಾಲಿನಿಂದ ಕೈಯಿಂದ ಕೈಗೆ ಬರುತ್ತಿತ್ತು. ಮುಂದಿನ ಸಾಲು ಹುಡುಗರದು. ನಮ್ಮ ಸಾಲಿಗೆ ಬರುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು. ನನ್ನ ಕೈಗೆ ಮೊದಲ ಅಯಸ್ಕಾಂತ ಸಿಕ್ಕಿದ್ದು ಮದುವೆಯಾದ ಮೇಲೆ, ಯಜಮಾನರು ತಂದುಕೊಟ್ಟ ಕೈಚೀಲದ ಬಾಯಿಯಲ್ಲಿ. ಟಕ್ಕೆಂದು ತಾನೇ ಮುಚ್ಚಿಕೊಳ್ಳುತ್ತಿತ್ತು. ಇಡೀ ದಿನ ಮುಚ್ಚಿದೆ, ತೆಗೆದೆ. ಹೊಸ ಸೊಸೆಗೆ ಏನೋ ಸೋಕಿದೆ ಎಂದುಕೊಂಡರು ನಮ್ಮ ಅತ್ತೆ. ಅದು ಹಳೆಯ ಮಾತು, ಆಗ ಬಡತನವಿತ್ತು, ಅಯಸ್ಕಾಂತ ಒಂದೇ ಇತ್ತು ಎಂದು ಸಮಾಧಾನ ಮಾಡಿಕೊಳ್ಳಬಹುದು. ಈಗ ನನ್ನ ಮಗಳ ಶಾಲೆಯಲ್ಲಿ ಬೀರು ತುಂಬ ಸಾಮಾನಿದೆ. ಆದರೂ ಗಂಟೆ ಅದೇ ಹೊತ್ತಿಗೆ ಹೊಡೆಯುತ್ತಿದೆ, ಏನು ಮಾಡೋಣ?

ಮಗಳ ವಿಷಯಕ್ಕೆ ಬರುತ್ತೇನೆ. ಮನೆಯಲ್ಲಿ ಅವಳನ್ನು ಎಲ್ಲರೂ ಕರೆಯುವುದು ಯಾಕಮ್ಮ ಎಂದು. ಹೆಸರಿಟ್ಟವರು ನಮ್ಮ ಅತ್ತೆ. ಮಾತು ಬಂದ ದಿನದಿಂದ ಅವಳದು ಒಂದೇ ಪಾಠ. ನೀರು ಕುದಿಯುವಾಗ ಮುಚ್ಚಳ ಯಾಕೆ ಕುಣಿಯುತ್ತೆ? ಅಜ್ಜಿ ಕನ್ನಡಕ ಹಾಕಿದರೆ ಕಣ್ಣು ಯಾಕೆ ದೊಡ್ಡದಾಗುತ್ತೆ? ದೇವರು ಎಲ್ಲ ಕಡೆ ಇದ್ದರೆ ನೀನು ಅದೇ ಮೂಲೆಗೆ ಯಾಕೆ ಕೈ ಮುಗೀತೀಯ? ಈ ಕೊನೆಯದಕ್ಕೆ ಗದರಿಸಿದೆ. ಆಮೇಲೆ ದೇವರನ್ನೇ ಕೇಳಿದೆ. ಅವನು ಗದರಿಸಲಿಲ್ಲ, ಉತ್ತರವನ್ನೂ ಹೇಳಲಿಲ್ಲ. ಪರವಾಗಿಲ್ಲ, ಕೇಳುವವರ ಬಾಯಿಯನ್ನಂತೂ ಅವನು ಮುಚ್ಚಿಸುವುದಿಲ್ಲ. ಆಸ್ಪತ್ರೆಯ ಯಂತ್ರಗಳನ್ನು ರಿಪೇರಿ ಮಾಡುವ ಎಂಜಿನಿಯರ್ ಆಗಬೇಕು ಎಂಬುದು ಇವಳ ಆಸೆ. ನಮ್ಮ ವಿಭಾಗದ ಬಟ್ಟೆ ಹಿಂಡುವ ಯಂತ್ರ ಕೆಟ್ಟಾಗ ಅದನ್ನು ಬಿಚ್ಚಿ ಹರಡಿದ್ದನ್ನು ನೋಡಿದ ದಿನದಿಂದ ಇದೇ ಜಪ.

ಈಗ ಹತ್ತನೆಯಲ್ಲಿರುವ ಇಂಥ ಹುಡುಗಿ ಎಂಟು ಮತ್ತು ಒಂಬತ್ತನೆಯ ತರಗತಿಯ ಎರಡು ವರ್ಷ ಪ್ರಯೋಗಾಲಯಕ್ಕೆ ಹೋಗಿ ಏನು ಮಾಡಿದಳು ಗೊತ್ತೇ? ನಮ್ಮ ಮನೆಯ ಅಡುಗೆಕೋಣೆಯಲ್ಲಿ ನಡೆದ ಮಾತುಕತೆಯನ್ನು ಇದ್ದ ಹಾಗೇ ಬರೆಯುತ್ತೇನೆ.

"ಇವತ್ತು ಲ್ಯಾಬಲ್ಲಿ ಏನೇ ಮಾಡಿದ್ರಿ?"

"ನೀರು ಕಾಯಿಸಿ ಉಷ್ಣತೆ ನೋಡಿದ್ವಿ."

"ನೀನು ಕಾಯಿಸಿದೆಯಾ?"

"ಇಲ್ಲಮ್ಮ. ನಾನು ಬರೆದೆ."

"ಹೋದ ವಾರ?"

"ಆಸಿಡ್ಡಿಗೆ ಸುಣ್ಣದ ಕಲ್ಲು ಹಾಕಿದ್ವಿ. ಗುಳ್ಳೆ ಬಂತು."

"ನೀನು ಹಾಕಿದೆಯಾ?"

"ಬರೆದೆ."

"ಗುಳ್ಳೆನಾದ್ರೂ ನೋಡಿದೆಯೇನೇ?"

"ತಲೆ ಎತ್ತೋಷ್ಟರಲ್ಲಿ ಹೋಗಿತ್ತು. ಬರೀತಾ ಇದ್ದೆನಲ್ಲ. 'ಗುಳ್ಳೆಗಳು ರಭಸವಾಗಿ ಹೊರಬಂದವು' ಅಂತ."

ಮೂಲೆಯಲ್ಲಿ ಕೂತಿದ್ದ ಅತ್ತೆ ಕೇಳಿಸಿಕೊಂಡು, "ಚೆನ್ನಾಗಿದೆ ಕಣೆ! ಉಂಡವರು ಅವರು, ರುಚಿ ಹೇಗಿತ್ತು ಅಂತ ಬರೆಯೋಳು ನೀನು" ಎಂದರು.

ಆ ಶಾಲೆಯ ಪದ್ಧತಿಯೇ ಅದು. ಮೇಜಿಗೆ ನಾಲ್ಕು ಮಕ್ಕಳು. ಒಬ್ಬ ಮಾಡುವವನು, ಒಬ್ಬ ಹಿಡಿದುಕೊಳ್ಳುವವನು, ಒಬ್ಬಳು ಬರೆಯುವವಳು, ಒಬ್ಬಳು ತೊಳೆಯುವವಳು. ಮೇಜಿಗೊಂದೇ ದಾಖಲೆ ಪುಸ್ತಕ. ಅದನ್ನು ತಾವು ಬಂದಾಗ ನೋಡುತ್ತೀರಿ, ಆದ್ದರಿಂದ ಅದು ಅಂದವಾಗಿರಬೇಕು. ಅಂದವಾಗಿ ಬರೆಯುವವಳು ಸಿಕ್ಕಿಬಿದ್ದರೆ ಅವಳನ್ನು ಬಿಡುವುದುಂಟೇ? ಮೊದಲ ವಾರ ಬರೆದವಳು ಎರಡು ವರ್ಷ ಬರೆದಳು. ಮೊದಲ ವಾರ ತೊಳೆದವಳು ಎರಡು ವರ್ಷ ತೊಳೆದಳು. 'ಕೈ ಕೆಸರಾದರೆ ಬಾಯಿ ಮೊಸರು' ಎಂದು ಪ್ರಯೋಗಾಲಯದ ಗೋಡೆಯ ಮೇಲೆ ದೊಡ್ಡದಾಗಿ ಬರೆದಿದೆ. ಆ ಗಾದೆಯನ್ನು ಬರೆದವಳೂ ನನ್ನ ಮಗಳೇ. ಅಕ್ಷರ ಚೆನ್ನಾಗಿದೆಯಲ್ಲ.

ಆಮೇಲೆ ತಾವು ಬಂದಿರಿ. ತಮ್ಮ ಸವಾರಿ ಬರುವ ಮೊದಲು ಶಾಲೆಯ ಕಿಟಕಿಗಳನ್ನು ತೊಳೆದರಂತೆ, ತೊಳೆದವರು ಯಾರು ಎಂದು ಕೇಳುವುದಿಲ್ಲ. ದಾಖಲೆ ಪುಸ್ತಕಗಳನ್ನು ನೋಡಿ ತಾವು "ಮುತ್ತು ಪೋಣಿಸಿದ ಹಾಗಿದೆ" ಎಂದು ಹೊಗಳಿದಿರಿ. ಹೊಗಳಿ ಸುಮ್ಮನೆ ಹೋಗಿದ್ದರೆ ಸರಿಯಿತ್ತು. ಆದರೆ ಆ ದಿನ ತಮಗೆ ಒಂದು ಹೊಸ ಆಲೋಚನೆ ಬಂತು, ಒಬ್ಬೊಬ್ಬರನ್ನೇ ಕರೆದು ಮಾಡಿಸಿ ನೋಡುವ ಎಂದು. ಸ್ಪಿರಿಟ್ ದೀಪ ಹಚ್ಚಿ, ಗಾಜಿನ ನಳಿಕೆಯಲ್ಲಿ ನೀರು ಕಾಯಿಸಿ, ಉಷ್ಣತೆ ಓದಿ, ದೀಪ ಆರಿಸಬೇಕು. ಇಷ್ಟೇ.

ಯಾಕಮ್ಮ ಬೆಂಕಿಕಡ್ಡಿ ಗೀರಿದಳು, ದೀಪ ಹಚ್ಚಿದಳು, ನೀರು ಕಾಯಿಸಿದಳು, ಉಷ್ಣತೆಯನ್ನೂ ಸರಿಯಾಗಿಯೇ ಓದಿದಳು. ಕೊನೆಗೆ ದೀಪ ಆರಿಸುವಾಗ ಬಗ್ಗಿ, ಉಫ್ ಎಂದು ಬಾಯಿಂದ ಊದಿಬಿಟ್ಟಳು.

ಸ್ಪಿರಿಟ್ ದೀಪವನ್ನು ಊದಬಾರದು, ಬೆಂಕಿ ಒಳಕ್ಕೆ ಹೋಗಿ ಅಪಾಯವಾದೀತು, ಮೇಲೆ ಮುಚ್ಚಳ ಕವುಚಿ ಆರಿಸಬೇಕು. ಇದು ನನಗೆ ಹೇಗೆ ಗೊತ್ತು? ಮಗಳು ಹೇಳಿದಳು. ಆ ನಿಯಮವನ್ನು ಪ್ರತಿ ಪ್ರಯೋಗದ ಕೆಳಗೂ 'ಎಚ್ಚರಿಕೆ' ಎಂದು ಗೆರೆ ಎಳೆದು ಬರೆದವಳು ಅವಳೇ. ಬರೆದದ್ದು ಬೆರಳಿಗೆ ಗೊತ್ತಿತ್ತು, ಬಾಯಿಗೆ ಗೊತ್ತಿರಲಿಲ್ಲ. ಮನೆಯಲ್ಲಿ ಕರೆಂಟ್ ಬಂದ ಕೂಡಲೇ ಮೇಣದ ಬತ್ತಿ ಊದುವುದು ಹುಟ್ಟಿದಾರಭ್ಯ ಅವಳ ಕೆಲಸ. ಮೈಗೆ ಯಾವುದು ಅಭ್ಯಾಸವೋ ಅದನ್ನೇ ಮೈ ಮಾಡಿತು. ಉಳಿದ ಹುಡುಗಿಯರೂ ಹೀಗೇ ಒಂದೊಂದು ಕಡೆ ಎಡವಿದರು. ಇಡೀ ತರಗತಿ ನಕ್ಕಿತು. ತಾವೂ ನಕ್ಕಿರಿ. ನಕ್ಕು, 'ಹೆಣ್ಣುಮಕ್ಕಳಲ್ಲಿ ಬರವಣಿಗೆಯ ಶ್ರದ್ಧೆ ಇದೆ, ಪ್ರಾಯೋಗಿಕ ಪ್ರವೃತ್ತಿ ಇಲ್ಲ, ಸರಳ ವಿಭಾಗ ಸೂಕ್ತ' ಎಂದು ವರದಿಯಲ್ಲಿ ಬರೆಸಿದಿರಿ.

ಮನೆಗೆ ಬಂದು ಅವಳು ಅಳುತ್ತಾ ಹೇಳಿದಾಗ ಅತ್ತೆಗೆ ಅರ್ಥವೇ ಆಗಲಿಲ್ಲ. "ಆರಿಸು ಅಂದ್ರು, ಆರಿಸಿದ್ಲು. ದೀಪ ಆರ್ತೋ ಇಲ್ವೋ?" ಎಂದರು. ನಾನು ಅತ್ತೆಯ ಪಕ್ಷ ವಹಿಸುವುದು ಅಪರೂಪ. ಈ ವಿಷಯದಲ್ಲೂ ವಹಿಸುವುದಿಲ್ಲ. ಊದಿದ್ದು ತಪ್ಪೇ. ಆದರೆ ತಪ್ಪು ಮಾಡಲು ಎರಡು ವರ್ಷಗಳಲ್ಲಿ ಅವಳಿಗೆ ಸಿಕ್ಕಿದ ಮೊದಲ ಅವಕಾಶ ಅದು, ಮಾನ್ಯರೇ. ಹುಡುಗರು ಎರಡು ವರ್ಷದ ಹಿಂದೆಯೇ ಊದಿ, ಬೈಸಿಕೊಂಡು, ಕಲಿತು ಮುಗಿಸಿದ್ದರು. ನೀರಿಗೇ ಇಳಿಸದೆ ದಡದಲ್ಲಿ ಕೂರಿಸಿ 'ಈಜುವುದು ಹೇಗೆ' ಎಂಬ ಪ್ರಬಂಧ ಬರೆಸಿ, ಆಮೇಲೆ ಒಂದು ದಿನ ಹಿಡಿದು ನೂಕಿ, ಮುಳುಗಿದಳು ನೋಡಿ, ಇವಳಿಗೆ ನೀರಿನ ಪ್ರವೃತ್ತಿಯೇ ಇಲ್ಲ ಎಂದರೆ ಯಾವ ನ್ಯಾಯ?

ನಾನು ಶಾಲೆಗೆ ಹೋದೆ. ವಿಜ್ಞಾನದ ಮೇಷ್ಟ್ರು ಕೆಟ್ಟವರಲ್ಲ. ಬಡಪಾಯಿ. ಒಂದು ಕೈಯಲ್ಲಿ ಬೀಗದ ಗೊಂಚಲು, ಇನ್ನೊಂದರಲ್ಲಿ ಪೊರಕೆ. ನನ್ನನ್ನು ಕೂರಿಸಲು ಸ್ಟೂಲು ಹುಡುಕಿದರು, ಇದ್ದ ಒಂದರ ಕಾಲು ಮುರಿದಿತ್ತು, ಇಬ್ಬರೂ ನಿಂತೇ ಮಾತಾಡಿದೆವು.

"ಅಮ್ಮಾ, ನಿಜ ಹೇಳ್ತೀನಿ. ಹುಡುಗರ ಕೈಗೆ ಏನಾದ್ರೂ ಕೊಡದಿದ್ರೆ ಗಲಾಟೆ ಮಾಡ್ತಾರೆ. ಹುಡುಗೀರು ಜಾಣೆಯರು, ಬರೀರಿ ಅಂದ್ರೆ ಬರೀತಾ ಕೂರ್ತಾರೆ."

"ಅಂದ್ರೆ ಗಲಾಟೆ ಮಾಡಿದವರಿಗೆ ಸಾಮಾನು, ಸುಮ್ನಿದ್ದವರಿಗೆ ಪೆನ್ನು?"

"ಹಾಗಲ್ಲಮ್ಮಾ..."

"ಮತ್ತೆ ಹೇಗೆ ಮೇಷ್ಟ್ರೇ? ನಾಳೆಯಿಂದ ನನ್ನ ಮಗಳಿಗೂ ಗಲಾಟೆ ಮಾಡು ಅಂತ ಹೇಳಿಕಳಿಸ್ಲಾ?"

ಅವರು ಪೊರಕೆ ಕೆಳಗಿಟ್ಟು ನಿಜವಾದ ಕಾರಣ ಹೇಳಿದರು. ಒಂದು ಗಾಜು ಒಡೆದರೆ ತಮ್ಮ ಕಚೇರಿಗೆ ವಿವರಣೆ ಬರೆದುಕೊಡಬೇಕಂತೆ. ಯಾರು ಒಡೆದರು, ಯಾಕೆ ಒಡೆದರು, ಒಡೆಯುವಾಗ ಮೇಷ್ಟ್ರು ಎಲ್ಲಿದ್ದರು, ಮುಂದೆ ಒಡೆಯದಂತೆ ಏನು ಕ್ರಮ ಕೈಗೊಂಡರು. ಕೊಲೆ ಮೊಕದ್ದಮೆಯಲ್ಲೂ ಇಷ್ಟು ಕೇಳುತ್ತಾರೋ ಇಲ್ಲವೋ. "ಅದಕ್ಕೇ ಅಮ್ಮಾ, ಒಂದು ಸಲ ಯಾರಿಗೆ ಕೈ ಪಳಗಿತೋ ಅವರ ಕೈಗೇ ಕೊಡ್ತೀನಿ. ಹೊಸಬರಿಗೆ ಕೊಟ್ಟು ಒಡೆದ್ರೆ ನನ್ನ ಕಥೆ ಮುಗೀತು." ಪಳಗಿದವರಿಗೆ ಕೊಡುವುದು, ಕೈಗೆ ಸಿಕ್ಕವರೇ ಪಳಗುವುದು. ಈ ಚಕ್ರ ತಿರುಗಿಸಿದವರು ತಾವು, ಸಿಕ್ಕಿಕೊಂಡವಳು ನನ್ನ ಮಗಳು.

ಮುಖ್ಯೋಪಾಧ್ಯಾಯಿನಿಯವರನ್ನೂ ಕಂಡೆ. ಅವರು ಪರಿವೀಕ್ಷಣೆಯ ವರದಿಯನ್ನು ಶಾಸನದ ಹಾಗೆ ಹಿಡಿದುಕೊಂಡಿದ್ದರು. "ಸರಳ ವಿಭಾಗದಲ್ಲಿ ಫೇಲಾಗೋ ಭಯವೇ ಇಲ್ಲಮ್ಮಾ, ನೂರಕ್ಕೆ ನೂರು ಫಲಿತಾಂಶ" ಎಂದರು. ಓಡದ ಕುದುರೆ ಎಡವುವುದಿಲ್ಲ, ನಿಜ. ಎತ್ತು ಈಯಿತು ಎಂದು ಮೇಲಿನವರು ಹೇಳಿದರೆ, ಕೊಟ್ಟಿಗೆಯಲ್ಲಿ ಕರು ಕಟ್ಟಲು ಹಗ್ಗ ಹುಡುಕುವ ಪೈಕಿ ಅವರು. ಆದರೂ ಬಾಗಿಲವರೆಗೆ ಬಂದು ಮೆಲ್ಲನೆ, "ನೀವೇ ಒಂದು ಸಲ ಸಾಹೇಬರನ್ನ ನೋಡಿ" ಎಂದರು. ಅದಕ್ಕೆ ಅವರಿಗೆ ನಮಸ್ಕಾರ.

ತಮ್ಮ ಕಚೇರಿಗೂ ಬಂದೆ. ತಮಗೆ ನೆನಪಿರಲಿಕ್ಕಿಲ್ಲ. ತಮ್ಮ ಕೋಣೆಯ ಹೊರಗೆ ಬೆಂಚಿದೆ, ಬೆಂಚಿನ ಎದುರು ಒಂದು ದೊಡ್ಡ ಭಿತ್ತಿಚಿತ್ರವಿದೆ. ಅದರಲ್ಲಿ ಬಿಳಿ ಕೋಟು ಹಾಕಿದ ಒಬ್ಬ ಹುಡುಗಿ ಸೂಕ್ಷ್ಮದರ್ಶಕ ಹಿಡಿದು ನಗುತ್ತಿದ್ದಾಳೆ. ಮೇಲೆ 'ವಿಜ್ಞಾನದಲ್ಲಿ ಹೆಣ್ಣುಮಕ್ಕಳು ಮುಂದೆ ಬರಲಿ' ಎಂದಿದೆ. ಕಾಯುತ್ತಾ ಕಾಯುತ್ತಾ ಅವಳನ್ನೇ ನೋಡಿದೆ. ನಗುತ್ತಿದ್ದಾಳೆ ಸರಿ, ಕಣ್ಣನ್ನು ಮಾತ್ರ ಸೂಕ್ಷ್ಮದರ್ಶಕಕ್ಕೆ ಇಟ್ಟಿಲ್ಲ. ಪಕ್ಕದಲ್ಲಿ ಹಿಡಿದುಕೊಂಡಿದ್ದಾಳೆ, ಯಾರದೋ ಮಗುವನ್ನು ಎತ್ತಿಕೊಂಡು ಫೋಟೋಕ್ಕೆ ನಿಂತ ಹಾಗೆ. ಚಿತ್ರ ತೆಗೆದವರಿಗೆ ಸತ್ಯ ಗೊತ್ತಿತ್ತು ಎಂದುಕೊಂಡೆ.

ಒಳಗೆ ತಾವು ಹೇಳುತ್ತಿದ್ದಿರಿ, ಪಕ್ಕದಲ್ಲಿ ಕೂತು ಗುಮಾಸ್ತೆ ಬರೆಯುತ್ತಿದ್ದರು. ಒಳ್ಳೆಯ ಅಕ್ಷರವೇ ಇರಬೇಕು. ನನ್ನ ಅಹವಾಲು ಕೇಳಿ ತಾವು ಬಹಳ ಸೌಜನ್ಯದಿಂದ ಹೇಳಿದಿರಿ: "ನೋಡಮ್ಮಾ, ಇದರಲ್ಲಿ ಬೇಜಾರು ಮಾಡ್ಕೊಳ್ಳೋದು ಏನಿಲ್ಲ. ಅದು ದೇವರು ಕೊಟ್ಟ ಸ್ವಭಾವ. ಹುಡುಗರಿಗೆ ಕೈಚಳಕ, ಹೆಣ್ಣುಮಕ್ಕಳಿಗೆ ತಾಳ್ಮೆ."

"ದೇವರು ನನ್ನ ಮಗಳಿಗೂ ಎರಡು ಕೈ ಕೊಟ್ಟಿದ್ದಾನೆ ಸಾರ್. ಹುಟ್ಟಿದ ದಿನವೇ ನೋಡ್ಕೊಂಡಿದ್ದೀನಿ" ಎಂದೆ.

ಬರೆಯುತ್ತಿದ್ದ ಗುಮಾಸ್ತೆ ತಲೆ ತಗ್ಗಿಸಿದರು. ನಗು ತಡೆಯಲೆಂದೇ ಇರಬೇಕು. ತಾವು ಗಡಿಯಾರ ನೋಡಿದಿರಿ. ನಾನು ಎದ್ದು ಬಂದೆ.

ಎದ್ದು ಬಂದೆ, ಆದರೆ ಆ ಮಾತು ನನ್ನ ಹಿಂದೆಯೇ ಮನೆಗೂ ಬಂತು. ಮಾನ್ಯರೇ, ಬೇಕಾದರೆ ಸುತ್ತೋಲೆಯ ಹೆಸರು ಹೇಳಿ, ಸಿಬ್ಬಂದಿಯ ಕೊರತೆ ಹೇಳಿ, ಗಾಜಿನ ಹೆಸರು ಹೇಳಿ. ದೇವರ ಹೆಸರು ಹೇಳಬೇಡಿ. ಅವನ ಪರಿಚಯ ನನಗೆ ತಮಗಿಂತ ಸ್ವಲ್ಪ ಹೆಚ್ಚು. ಬೆಳಗ್ಗೆ ಕೆಲಸಕ್ಕೆ ಹೋಗುವ ಮೊದಲು ಒಮ್ಮೆ, ಬಂದ ಮೇಲೆ ಒಮ್ಮೆ ಅವನ ಮುಂದೆ ಕೂರುತ್ತೇನೆ. ಬೇಡುತ್ತೇನೆ, ಜಗಳವನ್ನೂ ಆಡುತ್ತೇನೆ. ಅವನ ಕಚೇರಿಯಲ್ಲಿ ಬೆಂಚಿನ ಮೇಲೆ ಕಾಯಿಸುವುದಿಲ್ಲ. ಬೆಂಕಿಯನ್ನು ಮಾಡಿದವನು ಅವನು, ನೀರನ್ನು ಮಾಡಿದವನು ಅವನು, ನೀರು ಇಷ್ಟೇ ಬಿಸಿಗೆ ಕುದಿಯಬೇಕು ಎಂದು ಗೊತ್ತು ಮಾಡಿದವನೂ ಅವನೇ. ಇಷ್ಟೆಲ್ಲ ಸೊಗಸಾಗಿ ಮಾಡಿಟ್ಟು, ಮಕ್ಕಳಲ್ಲಿ ಅರ್ಧ ಜನ ನೋಡಬಾರದು, ಬರೀ ಬರೆದುಕೊಳ್ಳಬೇಕು ಎಂದು ಅವನು ಹೇಳಿರುತ್ತಾನೆಯೇ? ಯಾವ ತಾಯಿ ಅಡುಗೆ ಮಾಡಿಟ್ಟು ಹೆಣ್ಣುಮಕ್ಕಳು ವಾಸನೆ ಮಾತ್ರ ನೋಡಲಿ ಎನ್ನುತ್ತಾಳೆ? ಅವನು ಹಾಗೆ ಹೇಳಿದ್ದರೆ ಇಷ್ಟು ವರ್ಷದಲ್ಲಿ ನನ್ನ ಕಿವಿಗೆ ಬೀಳದೆ ಇರುತ್ತಿರಲಿಲ್ಲ. ಜಗತ್ತಿನಲ್ಲಿ ಮಾಡಿದ್ದನ್ನೆಲ್ಲ ಅವನ ತಲೆಗೆ ಕಟ್ಟುವವರು ಜಾಸ್ತಿಯಾಗಿದ್ದಾರೆ. ತಾವೊಬ್ಬರು ಕಡಿಮೆಯಾಗಿದ್ದಿರಿ.

ಇಷ್ಟೆಲ್ಲ ನಾನು ಸಿಟ್ಟಿನಲ್ಲಿ ಓಡಾಡುತ್ತಿರುವಾಗ ಮನೆಯಲ್ಲಿ ಇನ್ನೊಂದು ನಡೆದುಹೋಗಿತ್ತು. ನನಗೆ ತಡವಾಗಿ ಗೊತ್ತಾಯಿತು. ಮಗಳು ಯಾಕೆ ಎನ್ನುವುದನ್ನು ನಿಲ್ಲಿಸಿದ್ದಳು. ಕುಕ್ಕರ್ ಕೂಗಿದರೆ ಸುಮ್ಮನೆ ಹೋಗಿ ಆರಿಸುತ್ತಿದ್ದಳು. ಅಜ್ಜಿ ಬೇಕೆಂದೇ, "ಏ ಯಾಕಮ್ಮ, ಈ ಬಲ್ಬು ಯಾಕೆ ಮಿಣಮಿಣ ಅಂತಿದೆ ನೋಡೇ" ಎಂದು ಕೆಣಕಿದರೆ, "ಹಳೇದಾಗಿದೆ ಅಜ್ಜಿ, ಬದಲಾಯಿಸ್ಬೇಕು" ಎಂದು ಮುಗಿಸಿದಳು. ಅತ್ತೆ ನನ್ನ ಮುಖ ನೋಡಿದರು. ಎಂಬತ್ತು ದಾಟಿದ ನಮ್ಮ ಅತ್ತೆ ತಾವೇ ಎದ್ದು ಹೋಗಿ ಆ ಬಲ್ಬು ಆರಿಸಿದರು.

ರಾತ್ರಿ ಊಟದ ತಟ್ಟೆ ತೊಳೆಯುವಾಗ ಅವಳೇ ಬಂದು ಪಕ್ಕ ನಿಂತಳು.

"ಅಮ್ಮಾ, ಆ ಕಾಗದಕ್ಕೆ ಸೈನ್ ಹಾಕ್ಬಿಡು."

"ಯಾಕೆ?" ಎಂದೆ. ನಮ್ಮ ಮನೆಯಲ್ಲಿ ಆ ಮಾತು ಯಾರಾದರೂ ಆಡಬೇಕಲ್ಲ.

"ಅಲ್ಲಿ ಬರೀ ಬರೆಯೋದೇ ಇರೋದು. ನಂಗೆ ಬರೆಯೋಕೆ ಬರುತ್ತೆ. ಇಲ್ಲಿದ್ರೆ ಮತ್ತೆ ನಗ್ತಾರೆ."

ಆಗ ನಾನು ಅತ್ತಿದ್ದರೆ ಅದು ಅವಳಿಗೆ ಕಾಣಿಸಲಿಲ್ಲ. ತಟ್ಟೆ ತೊಳೆಯುವುದರಲ್ಲಿ ಅದೊಂದು ಅನುಕೂಲ. ತಮ್ಮ ವರದಿ ಏನು ಮಾಡಿತು ಎಂದು ತಮಗೆ ತಿಳಿಯಬೇಕಾಗಿದ್ದರೆ ಇಷ್ಟು ಸಾಕು. ತಾವು ಅವಳನ್ನು ಕೋಣೆಯಿಂದ ಹೊರಗೆ ಕಳಿಸುವ ಮೊದಲೇ ಅವಳು ತಾನಾಗಿ ಎದ್ದು ನಿಂತಿದ್ದಳು. ಅಚ್ಚಾಗಿ ಬಂದಿದ್ದ 'ಸ್ವಇಚ್ಛೆ' ಕೊನೆಗೂ ನಿಜವಾಗುವುದರಲ್ಲಿತ್ತು.

ಮರುದಿನ ಮತ್ತೆ ಮೇಷ್ಟ್ರ ಹತ್ತಿರ ಹೋದೆ. ಈ ಸಲ ಜಗಳವಾಡಲಿಲ್ಲ. ನಡೆದದ್ದನ್ನು ಹೇಳಿದೆ, ಅಷ್ಟೆ. ಅವರು ಗೊಂಚಲಿನಲ್ಲಿ ಬೀರುವಿನ ಬೀಗದ ಕೈ ಹುಡುಕಿ ತೆಗೆದರು. ಆಮೇಲೆ, "ಶನಿವಾರ ಮಧ್ಯಾಹ್ನ ತರಗತಿಯನ್ನೆಲ್ಲ ಬರಹೇಳ್ತೀನಿ. ಅದಲು ಬದಲು ಮಾಡೋಣ. ನೀವೂ ಬಂದು ನಿಂತ್ಕೊಳ್ಳಿ ಅಮ್ಮಾ, ಏನಾದ್ರೂ ಒಡೆದ್ರೆ ಸಾಕ್ಷಿಗೆ ಬೇಕಾಗುತ್ತೆ" ಎಂದರು. (ಇದನ್ನು ಪತ್ರಿಕೆಯಲ್ಲಿ ಹಾಕಲೇ ಎಂದು ಅವರನ್ನು ಕೇಳಿದ್ದೇನೆ. "ಹಾಕಿ ಅಮ್ಮಾ, ಆದದ್ದಾಗಲಿ" ಎಂದರು. ಈ ಪತ್ರದ ಕಾಗುಣಿತ ತಿದ್ದಿದವರೂ ಅವರೇ. ಸಿಟ್ಟನ್ನು ತಿದ್ದಲು ನಾನು ಬಿಡಲಿಲ್ಲ.)

ಹೋದ ಶನಿವಾರ ಆ ಕೋಣೆಯಲ್ಲಿ ನಡೆದದ್ದನ್ನು ತಾವು ನೋಡಬೇಕಿತ್ತು. ಹುಡುಗರ ಕೈಗೆ ಪೆನ್ನು, ಹುಡುಗಿಯರ ಕೈಗೆ ಬೆಂಕಿಪೊಟ್ಟಣ. ತುಸು ಹೊತ್ತಿಗೇ ಹುಡುಗರ ಗೋಳು ಶುರುವಾಯಿತು. "ಸಾರ್, ಕೈ ನೋಯುತ್ತೆ." "ಸಾರ್, ಗೆರೆ ಹಾಕ್ಲೇಬೇಕಾ?" ನನ್ನ ಮಗಳ ಮೇಜಿನಲ್ಲಿ ಎರಡು ವರ್ಷವೂ ಮಾಡುವವನಾಗಿದ್ದ ಹುಡುಗ, ಉದ್ದನೆಯವನು, ಒಳ್ಳೆಯವನೇ, ಪುಸ್ತಕದ ಮೇಲೆ ಬಗ್ಗಿದ್ದವನು ಕತ್ತೆತ್ತಿ ಕೂಗಿದ: "ಸಾರ್, ಇದು ಮೋಸ! ಬರೀತಾ ಇದ್ರೆ ಏನೂ ಕಾಣ್ಸೋದೇ ಇಲ್ಲ!"

ಹನ್ನೊಂದು ಹುಡುಗಿಯರೂ ಒಟ್ಟಿಗೆ ನಕ್ಕರು. ಆ ನಗುವನ್ನು ತಮ್ಮ ಭಿತ್ತಿಚಿತ್ರಕ್ಕೆ ಬಳಸಿಕೊಳ್ಳಬಹುದು, ನನ್ನ ಆಕ್ಷೇಪಣೆಯಿಲ್ಲ.

ಎಲ್ಲ ಸುಸೂತ್ರವಾಯಿತು ಎಂದು ನಾನು ಸುಳ್ಳು ಹೇಳುವುದಿಲ್ಲ. ಒಬ್ಬಳು ಕಡ್ಡಿ ಗೀರಲು ಹೋಗಿ ಪೊಟ್ಟಣವನ್ನೇ ಹರಿದಳು. ಇನ್ನೊಬ್ಬಳು ಹೆದರಿ ಹಿಂದೆ ಸರಿದು ನನ್ನ ಕಾಲು ತುಳಿದಳು. ಯಾಕಮ್ಮ ನೀರು ಕಾಯಿಸಿದಳು, ಉಷ್ಣತೆ ಓದಿದಳು, ಈ ಸಲ ಮುಚ್ಚಳ ಕವುಚಿಯೇ ದೀಪ ಆರಿಸಿದಳು. ಆದರೆ ಬಿಸಿ ನಳಿಕೆಯನ್ನು ಒದ್ದೆಯಿದ್ದ ಕಲ್ಲಿನ ಮೇಲೆ ಇಟ್ಟುಬಿಟ್ಟಳು. ಪಟ್ ಎಂದು ಒಡೆಯಿತು.

ಅವಳ ಮುಖ ಬಿಳಿಚಿಕೊಂಡಿತು. ನನ್ನನ್ನು ನೋಡಿದಳು, ಮೇಷ್ಟ್ರನ್ನು ನೋಡಿದಳು. ಮೇಷ್ಟ್ರು ವಿವರಣೆ ಬರೆಯುವುದನ್ನು ನೆನೆಸಿಕೊಂಡು ಅವಳಿಗಿಂತ ಬಿಳಿಚಿಕೊಂಡಿದ್ದರು. ಅವಳು ಬಗ್ಗಿ ಚೂರುಗಳನ್ನೇ ನೋಡಿದಳು. ನೋಡುತ್ತಾ ನೋಡುತ್ತಾ ಹುಬ್ಬು ಗಂಟಿಕ್ಕಿದಳು.

"ಸಾರ್, ಬೆಂಕಿ ಮೇಲಿದ್ದಾಗ ಒಡೀಲಿಲ್ಲ. ತಣ್ಣಗಿನ ಕಲ್ಲು ಮುಟ್ಟಿದ್ಮೇಲೆ ಯಾಕೆ ಒಡೀತು?"

ನಾನು ಗೋಡೆಗೆ ಒರಗಿಕೊಂಡೆ. ಮೇಷ್ಟ್ರು ಹೇಳಿದರು, ಹೊರಗಿನ ಗಾಜು ಮೊದಲು ಕುಗ್ಗುತ್ತೆ, ಒಳಗಿನದು ಇನ್ನೂ ಹಿಗ್ಗಿಯೇ ಇರುತ್ತೆ, ಎಂದೆಲ್ಲ. ಅವಳು ಬಿಡಲಿಲ್ಲ. "ಹಾಗಾದ್ರೆ ನಿಧಾನಕ್ಕೆ ತಣ್ಣಗೆ ಮಾಡಿದ್ರೆ? ದಪ್ಪ ಗಾಜಾದ್ರೆ ಬೇಗ ಒಡೆಯುತ್ತಾ, ತೆಳುವಾದ್ರೆ ಬೇಗ ಒಡೆಯುತ್ತಾ? ಇನ್ನೊಂದು ಕೊಡಿ ಸಾರ್, ನೋಡ್ತೀನಿ." ಮೇಷ್ಟ್ರು ಬೀರುವಿನ ಕಡೆ ನೋಡಿದರು, ಬಾಗಿಲ ಕಡೆ ನೋಡಿದರು, ನನ್ನ ಕಡೆ ನೋಡಿದರು. ಕೊಟ್ಟರು.

ಆ ಒಡೆದ ಗಾಜಿಗೆ ವಿವರಣೆ ಬೇಕಲ್ಲವೇ? ಇಗೋ, ನಾನೇ ಕೊಡುತ್ತಿದ್ದೇನೆ. ಯಾರು ಒಡೆದರು: ನನ್ನ ಮಗಳು. ಯಾಕೆ ಒಡೆಯಿತು: ಅವಳನ್ನೇ ಕೇಳಿ, ತಮಗಿಂತ ಚೆನ್ನಾಗಿ ಹೇಳದಿದ್ದರೂ ತಮ್ಮಷ್ಟು ಚೆನ್ನಾಗಿ ಹೇಳುತ್ತಾಳೆ. ಮುಂದೆ ಒಡೆಯದಂತೆ ಏನು ಕ್ರಮ: ಯಾವ ಕ್ರಮವೂ ಇಲ್ಲ. ಇನ್ನೂ ಒಡೆಯುತ್ತದೆ.

ಈಗ ನನ್ನ ಬೇಡಿಕೆ. ಬೇಡಿಕೆ ಎನ್ನುವುದು ರೂಢಿ, ನಾನು ಬೇಡುವುದು ದೇವರನ್ನು ಮಾತ್ರ; ತಮ್ಮನ್ನು ಕೇಳುತ್ತಿದ್ದೇನೆ. ಹನ್ನೊಂದು ಹುಡುಗಿಯರ ವರ್ಗಾವಣೆ ರದ್ದಾಗಬೇಕು. ತಮ್ಮ ವರದಿಯ ಆ ಸಾಲನ್ನು ತಾವೇ ಹೊಡೆದುಹಾಕಬೇಕು, ಗುಮಾಸ್ತೆಯಿಂದ ಹೊಡೆಸಬಾರದು, ತಮ್ಮ ಕೈಯಿಂದಲೇ. ತಮ್ಮ ಕೈಗೂ ಸ್ವಲ್ಪ ಪ್ರಾಯೋಗಿಕ ಪ್ರವೃತ್ತಿ ಬರಲಿ. ಪ್ರಯೋಗಾಲಯದಲ್ಲಿ ವಾರಕ್ಕೊಮ್ಮೆ ಕೆಲಸ ಬದಲಾಗಬೇಕು. ಈ ವಾರ ಬರೆದವಳು ಮುಂದಿನ ವಾರ ಮಾಡಬೇಕು, ಮಾಡಿದವನು ತೊಳೆಯಬೇಕು, ತೊಳೆದರೆ ಹುಡುಗರ ಕೈ ಸವೆದುಹೋಗುವುದಿಲ್ಲ. ಒಡೆದ ಗಾಜಿಗೆ ಮೇಷ್ಟ್ರಿಂದ ವಿವರಣೆ ಬರೆಸುವ ಪದ್ಧತಿ ನಿಲ್ಲಬೇಕು. ಇನ್ನು ಮೂರು ತಿಂಗಳು ಹೀಗೆ ಕಲಿಸಿ ಆಮೇಲೆ ತಾವೇ ಬಂದು ಪರೀಕ್ಷೆ ಮಾಡಿ. ಆಗಲೂ ನನ್ನ ಮಗಳು ಎ ವಿಭಾಗಕ್ಕೆ ತಕ್ಕವಳಲ್ಲ ಎಂದು ಕಂಡರೆ ನಾನೇ ಕೈ ಹಿಡಿದು ಸರಳ ವಿಭಾಗಕ್ಕೆ ಬಿಟ್ಟು ಬರುತ್ತೇನೆ. ಫೇಲಾಗುವುದಾದರೆ ಆಗಲಿ, ಮಾಡಿ ಫೇಲಾಗಲಿ. ಬರೆದು ಪಾಸಾಗುವುದು ಬೇಡ.

ಒಪ್ಪಿಗೆ ಪತ್ರವನ್ನು ಸಹಿಯಿಲ್ಲದೆ ಮುಖ್ಯೋಪಾಧ್ಯಾಯಿನಿಯವರಿಗೆ ಹಿಂದಿರುಗಿಸಿದ್ದೇನೆ. ಇನ್ನೂ ಆರು ತಾಯಂದಿರು ಹಾಗೆಯೇ ಮಾಡಿದ್ದಾರೆ. ಉಳಿದ ನಾಲ್ವರ ಮನೆಗೆ ಇವತ್ತು ಸಂಜೆ ಹೋಗುತ್ತೇನೆ, ಅತ್ತೆಯೂ ಬರುತ್ತೇನೆ ಎಂದು ಹಟ ಹಿಡಿದಿದ್ದಾರೆ. ಅವರು ಬಂದರೆ ನಮಗೆ ಇಲ್ಲ ಎನ್ನುವುದು ಯಾರಿಗೂ ಕಷ್ಟ.

ತಮ್ಮ ಆದೇಶದಂತೆ ಸೋಮವಾರ ಎ ವಿಭಾಗದ ಹಾಜರಿಯಲ್ಲಿ ನನ್ನ ಮಗಳ ಹೆಸರು ಇರುವುದಿಲ್ಲ ಎಂದು ಕೇಳಿದೆ. ಇರದಿದ್ದರೆ ಇಲ್ಲ. ಅವಳು ಆ ದಿನ ಬೆಳಗ್ಗೆ ಎ ವಿಭಾಗಕ್ಕೇ ಹೋಗಿ ತನ್ನ ಜಾಗದಲ್ಲಿ ಕೂರುತ್ತಾಳೆ. ಹಾಜರಿ ಕರೆದು ಮುಗಿಯುವವರೆಗೆ ಕಾಯುತ್ತಾಳೆ. ಮುಗಿದ ಮೇಲೆ ಎದ್ದು ನಿಂತು, ತನ್ನ ಹೆಸರನ್ನು ತಾನೇ ಹೇಳಿ, "ಇದ್ದೀನಿ ಸಾರ್" ಎನ್ನುತ್ತಾಳೆ. ನಿನ್ನೆಯೆಲ್ಲ ಕನ್ನಡಿಯ ಮುಂದೆ ನಿಂತು ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿದ್ದಾಳೆ, ಅಕ್ಕಪಕ್ಕದ ಮನೆಯವರಿಗೂ ಬಾಯಿಪಾಠವಾಗಿದೆ. ಅವಳನ್ನು ಅಲ್ಲಿಂದ ಎಬ್ಬಿಸಲು ಮೇಷ್ಟ್ರಿಗೆ ಮನಸ್ಸಿಲ್ಲ, ಮುಖ್ಯೋಪಾಧ್ಯಾಯಿನಿಯವರಿಗೆ ಧೈರ್ಯವಿಲ್ಲ. ಎಬ್ಬಿಸಬೇಕಾದರೆ ತಾವೇ ಬರಬೇಕಾಗುತ್ತದೆ. ಬನ್ನಿ. ನಾನು ಆ ದಿನ ರಜೆ ಹಾಕಿದ್ದೇನೆ, ಬಾಗಿಲ ಬಳಿಯೇ ಇರುತ್ತೇನೆ. ಕೂರಲು ಮುರಿದ ಸ್ಟೂಲು ಮಾತ್ರ ಇದೆ, ನಿಂತೇ ಮಾತಾಡೋಣ.

ಇಂತಿ,
ತಮ್ಮ ಮೇಲೆ ನಂಬಿಕೆ ಕಡಿಮೆಯಾದರೂ ಪ್ರಾರ್ಥನೆಯಲ್ಲಿ ತಮ್ಮನ್ನೂ ನೆನೆಯುವ,
ಸ್ವಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ ಒಪ್ಪದಿರುವ
ಒಬ್ಬ ತಾಯಿ